ಹೂವಿಗೆಂದು ನೆಟ್ಟ ಈರುಳ್ಳಿ

ಶಾಲೆಯನ್ನು ಬೇಗ ಬಿಟ್ಟವರಿಗೆ ಪಾಠ ಹೇಳುವ ಚಪಲ ಜಾಸ್ತಿ. ನಾನು ಆರನೇ ಕ್ಲಾಸಿಗೇ ಬಿಟ್ಟವನು; ಉಳಿದದ್ದನ್ನು ನೀವೇ ಊಹಿಸಿಕೊಳ್ಳಿ. ಹೊನ್ನೂರಿನಲ್ಲಿ ನನ್ನದಕ್ಕಿಂತ ದಪ್ಪ ಈರುಳ್ಳಿ ಬೆಳೆದೆನೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ಇಂಥ ನಾನು ಒಂದು ವರ್ಷ ಬರೀ ಹೂವಿಗೋಸ್ಕರ ಈರುಳ್ಳಿ ನೆಟ್ಟೆ.

ತಪ್ಪು ನನ್ನ ಷಡ್ಡಕನದು. ಊಟಿಯ ಯಾವುದೋ ಬಂಗಲೆಯಲ್ಲಿ ತೋಟದ ಕೆಲಸ ಮಾಡುವ ಅವನು ಕಾಗದದಲ್ಲಿ ಸುತ್ತಿ ಐದು ಗೆಡ್ಡೆ ತಂದುಕೊಟ್ಟ. “ಅಣ್ಣ, ಇದು ಹೂವಿನ್ ಈರುಳ್ಳಿ, ಅಡ್ಗೆಗಲ್ಲ. ಎರಡು ತಿಂಗ್ಳು ತಣ್ಣಗೆ ಮಡಗಿ ಆಮೇಲೆ ನೆಡು. ನೇರಳೆ ಬಣ್ಣದ ಉಂಡೆ ಹೂವು, ಒಂದೊಂದು ತೆಂಗಿನ್ಕಾಯಿ ಗಾತ್ರ!” ಎಂದ. ನಮ್ಮೂರಲ್ಲಿ ತಣ್ಣಗಿರುವುದು ಬಾವಿ ನೀರೊಂದೇ. ಹಾಗಾಗಿ ಗೆಡ್ಡೆಗಳನ್ನು ಯಳಂದೂರಿನ ಸೋಡಾ ಅಂಗಡಿಯ ಫ್ರಿಜ್ಜಿನಲ್ಲಿ ಇಡಿಸಿದೆ. ವಾರಕ್ಕೊಮ್ಮೆ ಬಸ್ಸಿಳಿದು ಅವುಗಳ ಕುಶಲ ವಿಚಾರಿಸುತ್ತಿದ್ದೆ. ಅಂಗಡಿಯವನು ಕೈಮುಗಿಯುತ್ತಿದ್ದ: “ಅಣ್ಣೋ, ಸೋಡಾ ಯಾಕೋ ಈರುಳ್ಳಿ ವಾಸ್ನೆ ಒಡೀತದೆ ಅಂತ ಜನ ಬಾಟ್ಲಿ ಮೂಸ್ತಾವ್ರೆ. ಬೇಗ ತಕಂಡೋಗು!”

ಎರಡು ತಿಂಗಳು ಕಳೆದು ಮನೆಗೆ ತಂದದ್ದೇನೋ ಆಯಿತು, ನೆಡಲು ಜಾಗ ಬೇಕಲ್ಲ? ಮನೆ ಮುಂದಿದ್ದ ಒಂದೇ ಮಡಿಯಲ್ಲಿ ಹೆಂಡತಿ ಸಿದ್ದಮ್ಮನ ಕನಕಾಂಬರವಿತ್ತು. ಕಿತ್ತೇಬಿಟ್ಟೆ. ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು. “ಕೀಳಿ, ಕೀಳಿ. ಯುಗಾದಿ ದಿನ ನನ್ ತಲೆಗೆ ಹೂವಿರ್ಬೇಕು. ಇಲ್ದಿದ್ರೆ ಈ ಮಡಿ ನಂದು. ನೀವು ಇತ್ಲಾಗೆ ಗುದ್ಲಿ ತರಂಗಿಲ್ಲ.” “ತಲೆ ತುಂಬ ಮುಡಿಸ್ತೀನಿ ಕಣಮ್ಮಿ!” ಎಂದೆ. ತೆಂಗಿನಕಾಯಿ ಗಾತ್ರದ್ದನ್ನು ಮುಡಿಯುವುದು ಹೇಗೆಂದು ಇಬ್ಬರಿಗೂ ಹೊಳೆಯಲಿಲ್ಲ. ನೀರು ನಿಲ್ಲದಂತೆ ಮರಳು ಬೆರೆಸಿ ಮಡಿ ಎತ್ತರಿಸಿದೆ, ಕಳೆ ಕಿತ್ತೆ, ಸುತ್ತ ಮುಳ್ಳುಬೇಲಿ ಕಟ್ಟಿದೆ. ಬೇಲಿಯೊಳಗೆ ಮೂತಿ ತೂರಿಸಿದ ಮೇಕೆಯೊಂದು ಸೀನಿ ಓಡಿಹೋಯಿತು. ಅದನ್ನೂ ಗೆಲುವೆಂದೇ ಎಣಿಸಿದೆ. ಯುಗಾದಿಗೆ ವಾರವಿರುವಾಗ ಐದೂ ಗಿಡಕ್ಕೆ ಹೂವಿನ ಕಡ್ಡಿ ಬಂತು, ಕಡ್ಡಿಯ ತುದಿಗೆ ಗಿಣಿಮೂತಿಯಂಥ ಮೊಗ್ಗು. ಹೆಗಲ ಟವಲನ್ನು ಗಾಳಿಗೆಸೆದು ಅಂಗಳದಲ್ಲೇ ಕುಣಿದೆ. ಹಟ್ಟಿಯಲ್ಲಿದ್ದ ಹಸು ಹಗ್ಗ ಎಳೆದುಕೊಂಡು ದೂರ ಸರಿಯಿತು.

ಆಗಲೇ ಬಂದ, ಪಕ್ಕದ ಹೊಲದ ಮಾದಪ್ಪ. “ನಮ್ ಈರುಳ್ಳಿ ಗೆಡ್ಡೆ ದಪ್ಪನೇ ಆಗ್ತಿಲ್ಲ. ಎಲ್ಲಾ ಕಡ್ಡಿ ಬುಟ್ಕಂಡದೆ. ಏನ್ ಮಾಡದು?” ಇಂಥ ಪ್ರಶ್ನೆ ಕಿವಿಗೆ ಬಿದ್ದರೆ ನನಗೆ ಊಟವೂ ಬೇಡ. “ಲೇ ಮಾದ, ಕಡ್ಡಿ ಬರಕ್ಕೆ ಬುಟ್ರೆ ಗೆಡ್ಡೆ ಸತ್ವ ಎಲ್ಲ ಹೂವಿಗೆ ಓಯ್ತದೆ. ಕಂಡ್ ತಕ್ಷಣ ಬುಡುಕ್ಕೇ ಮುರೀಬೇಕು. ಇಂಗೆ! ಕೈ ನಡುಗಬಾರ್ದು. ಇಂಗೆ!” ಎಂದು ಬಗ್ಗಿ ಎದುರಿಗಿದ್ದವನ್ನೇ ಟಕ್, ಟಕ್ ಎಂದು ಮುರಿದು ತೋರಿಸಿದೆ. ಐದನೆಯದನ್ನಂತೂ ನೋಡದೆಯೇ ಮುರಿದೆ, ಅಷ್ಟು ಅಭ್ಯಾಸ. ಮಾದಪ್ಪ ಬಾಯಿ ತೆರೆದು ನಿಂತಿದ್ದ. ಪಾಠ ಅಷ್ಟು ಹಿಡಿಸಿತೇನೋ ಎಂದುಕೊಂಡೆ. “ಅಣ್ಣ, ಇದು ಹೂವಿನ್ ಗಿಡ ಅಲ್ವಾ?” ಎಂದ ಮೆಲ್ಲಗೆ. ಬಾಗಿಲಲ್ಲಿ ಸಿದ್ದಮ್ಮ ನಗು ತಡೆಯಲಾರದೆ ಕಂಬ ಹಿಡಿದುಕೊಂಡಿದ್ದಳು.

ಮಡಿ ಅವಳದಾಯಿತು. ಮಾದಪ್ಪನ ಗೆಡ್ಡೆಗಳು ಆ ವರ್ಷ ಮುಷ್ಟಿಗಾತ್ರ ಊದಿದವು. “ಅಣ್ಣನ್ನ ಕೇಳಿ, ತನ್ ಗಿಡನೇ ಮುರ್ದು ಯೋಳ್ಕೊಡ್ತಾನೆ” ಎಂದು ಅವನು ಇಂದಿಗೂ ಊರೆಲ್ಲ ಸಾರುತ್ತಾನೆ. ಅದರಲ್ಲಿ ಹೊಗಳಿಕೆ ಎಷ್ಟು, ಲೇವಡಿ ಎಷ್ಟು ಎಂದು ನಾನು ಬಿಡಿಸಿ ನೋಡಲು ಹೋಗಿಲ್ಲ. ಪೂರ್ತಿ ಹೊಗಳಿಕೆಯೆಂದೇ ಇಟ್ಟುಕೊಂಡಿದ್ದೇನೆ.