ಮಡಿಕೆಗೆ ಬಿಟ್ಟ ಲೆಕ್ಕ

ನನ್ನ ಮೊಮ್ಮಗಳಿಗೆ ಲೆಕ್ಕದಲ್ಲಿ ನಲವತ್ತಕ್ಕೆ ಹನ್ನೊಂದು ಬಂತು. ಬೇರೆ ಯಾರ ಮೊಮ್ಮಗಳಿಗಾದರೂ ಬರಲಿ. ದರ್ಜಿಯ ಮೊಮ್ಮಗಳಿಗೆ ಹೇಗೆ ಬಂತು?

ನನ್ನ ಗಂಡ ದರ್ಜಿ. ತೀರಿಹೋಗಿ ಹತ್ತು ತಿಂಗಳಾಯಿತು. ನಾನೂ ದರ್ಜಿಯೇ (ಬೋರ್ಡಿನಲ್ಲಿ ಹೆಸರಿಲ್ಲದವಳು). ಮಗಳು ಬೆಳಗ್ಗೆಯೇ ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗಳು ಹೊಲಿಗೆ ಮೇಜಿನ ಕೆಳಗೆ ಬೆಳೆದವಳು. ಹುಟ್ಟಿದಾಗ ದುಂಡಗಿದ್ದಳೆಂದು ತಾತ ಗುಂಡಿ ಎಂದರು. ಅದೇ ನಿಂತಿತು. ಅವರು ತಮಗೆಂದು ಗೆರೆ ಹಾಕಿಟ್ಟ ಅಂಗಿಬಟ್ಟೆ ಇನ್ನೂ ಮೇಜಿನ ಮೂಲೆಯಲ್ಲಿದೆ. ನಾನು ಅದನ್ನು ಮುಟ್ಟಿಲ್ಲ. ಅಷ್ಟೇ.

ಈಗ ಪರೀಕ್ಷೆಯ ಸಮಾಚಾರ. ಎಲ್ಲ ಊರಿನ ಮೂರನೇ ತರಗತಿಗೂ ಒಂದೇ ದಿನ, ಒಂದೇ ಪ್ರಶ್ನೆಪತ್ರಿಕೆಯಂತೆ. ಬರೆಯುವುದೇ ಇಲ್ಲವಂತೆ. ನಾಲ್ಕು ಸೊನ್ನೆಗಳಲ್ಲಿ ಒಂದಕ್ಕೆ ಕಪ್ಪು ತುಂಬಬೇಕು, ಯಂತ್ರ ನೋಡಿ ಅಂಕ ಕೊಡುತ್ತದೆಯಂತೆ. ಕಮ್ಮಿ ಬಂದವರಿಗೆ ಹದಿನೈದು ದಿನ ಬಿಟ್ಟು ಇನ್ನೊಂದು ಪರೀಕ್ಷೆ. ಅದರಲ್ಲೂ ಕಮ್ಮಿಯಾದರೆ ಹಿಂದಿನ ಕೋಣೆಯ ನಿಧಾನದ ತರಗತಿ.

"ಅಜ್ಜಿ, ಆ ಕೋಣೆಗೆ ಕಿಟಕಿನೇ ಇಲ್ಲ," ಎಂದಳು ಗುಂಡಿ. ಅತ್ತಿರಲಿಲ್ಲ. ಅದು ನನಗೆ ಇನ್ನೂ ಕಷ್ಟವಾಯಿತು.

ನನಗೆ ಒಂದೇ ಕುತೂಹಲ. ಎಲ್ಲ ಊರಿನ ಮಕ್ಕಳನ್ನೂ ಒಂದೇ ಟೇಪಿನಲ್ಲಿ ಅಳೆಯುವ ಆ ಕಾಗದದಲ್ಲಿ ಏನಿದೆ? ನಾನು ಕಲಿತದ್ದೂ ಮೂರನೇ ತರಗತಿಯೇ. ನೋಡಿಯೇ ಬಿಡೋಣವೆಂದು ಕತ್ತರಿ ಇಟ್ಟು ಹೊರಟೆ.

ದೊಡ್ಡ ಟೀಚರ್ ಕೋಣೆಗೆ ಹೋಗಿ ಕೂರದೆಯೇ ಶುರು ಮಾಡಿದೆ.

"ನನ್ನ ಮಗೂಗೆ ತಲೆಕೆಳಗಾಗಿ ಲೆಕ್ಕ ಹೇಳಿಕೊಟ್ಟೋರು ಯಾರು? ಕರೀರಿ ಅವರನ್ನ."

"ಕೂತ್ಕೊಳ್ಳಿ ಅಮ್ಮ."

"ಕೂರಲ್ಲ."

"ಸರಿ, ನಿಂತ್ಕೊಂಡೇ ನೋಡಿ," ಎಂದು ಪ್ರಶ್ನೆಪತ್ರಿಕೆ ಕೊಟ್ಟು, ಗುಂಡಿಯನ್ನೂ ಕರೆಸಿದರು.

ಅಕ್ಷರ ಕೂಡಿಸಿ ಓದಿದೆ. ಒಂದು ಮೀಟರು ಪಟ್ಟಿಯನ್ನು ನಾಲ್ಕು ಸಮ ತುಂಡು ಮಾಡಿದರೆ ಒಂದೊಂದು ತುಂಡು ಎಷ್ಟು ಸೆಂಟಿಮೀಟರು? ಗುಂಡಿ ಇಪ್ಪತ್ತಕ್ಕೆ ಕಪ್ಪು ತುಂಬಿದ್ದಳು.

"ಇಪ್ಪತ್ತೈದಲ್ವೇನೇ?"

"ಎರಡೂ ಕಡೆ ಮಡಚಿ ಹೊಲಿದ ಮೇಲೆ ಇಪ್ಪತ್ತೈದು ಎಲ್ಲಿ ಉಳಿಯುತ್ತೆ ಅಜ್ಜಿ?"

ಕಾಗದವನ್ನು ಕಣ್ಣಿನ ಹತ್ತಿರ ಹಿಡಿದೆ. ಮುಂದಿನದು: ಒಂದು ಅಂಗಿಗೆ ಆರು ಗುಂಡಿ, ನಾಲ್ಕು ಅಂಗಿಗೆ ಎಷ್ಟು? ಇಪ್ಪತ್ತೆಂಟಂತೆ. ಒಳಗೆ ಒಂದೊಂದು ಹೆಚ್ಚಿನ ಗುಂಡಿ ಹಾಕಬೇಡವೇ? ಅಂಗಿಗೆ ಎರಡು ಮೀಟರಾದರೆ ಹತ್ತು ಮೀಟರಿಗೆ ಎಷ್ಟು ಅಂಗಿ? ನಾಲ್ಕು. ಬಟ್ಟೆ ನೀರಿಗೆ ಹಾಕಿದರೆ ಕುಗ್ಗುತ್ತದಲ್ಲ. ಹಾಲಿನ ಲೆಕ್ಕದಲ್ಲಿ ಉಕ್ಕಿ ಚೆಲ್ಲುವುದನ್ನು ಕಳೆದಿದ್ದಳು. ಹಗ್ಗದ ಲೆಕ್ಕದಲ್ಲಿ ಗಂಟಿಗೆ ಬಿಟ್ಟಿದ್ದಳು.

"ಇದನ್ನೆಲ್ಲ ಯಾರಮ್ಮ ಹೇಳಿಕೊಟ್ರು?" ಎಂದು ದೊಡ್ಡ ಟೀಚರ್ ಕೇಳಿದರು.

ಗುಂಡಿ ನನ್ನ ಮುಖ ನೋಡಿದಳು. ನಾನು ಕುರ್ಚಿ ಎಳೆದುಕೊಂಡು ಕೂತೆ.

"ಎಲ್ಲದಕ್ಕೂ ಕಾರಣ ಇದೆಯಲ್ಲ ಟೀಚರ್."

"ಯಂತ್ರ ಕಾರಣ ಕೇಳಲ್ಲ ಅಮ್ಮ. ಅದಕ್ಕೆ ಕಪ್ಪು ಚುಕ್ಕೆ ಸಾಕು."

ಕೂಗಾಡಿದ ತಪ್ಪಿಗೆ ದೊಡ್ಡ ಟೀಚರ್ ಕೋಣೆಯ ಕಿಟಕಿಗೆ ಪರದೆ ಹೊಲಿದುಕೊಡುತ್ತೇನೆಂದೆ. ಅವರ ನೀಲಿ ಬಟ್ಟೆ, ನನ್ನ ಕೂಲಿ. ಅಳತೆ ತೆಗೆದುಕೊಂಡೆ. ಉದ್ದ ನೂರೈವತ್ತು ಸೆಂಟಿಮೀಟರು.

ಅಂದಿನಿಂದ ಮನೆಯಲ್ಲಿ ಮಹಾಪಾಠಶಾಲೆ ಆರಂಭವಾಯಿತು. ಮೂವತ್ತೆರಡು ವರ್ಷ ಗಂಡನ ಬಾಯಲ್ಲಿ ಕೇಳಿದ್ದನ್ನೆಲ್ಲ ಉಲ್ಟಾ ಮಾಡಿ ಹೇಳಿದೆ.

"ಶಾಲೆ ಲೆಕ್ಕದ ಬಟ್ಟೆನ ಯಾರೂ ಒಗೆಯಲ್ಲ. ಅದು ಕುಗ್ಗಲ್ಲ."

"ಕೊಳೆ ಆದ್ರೆ?"

"ಆಗಲ್ಲ."

"ಅಂಚು ಬಿಟ್ಕೊಂಡ್ರೆ?"

"ಬಿಟ್ಕೊಳ್ಳಲ್ಲ."

"ಹಾಲು?"

"ಉಕ್ಕಲ್ಲ ಕಣೇ! ಬೆಂಕಿನೇ ಹಚ್ಚಿಲ್ಲ!"

"ಆ ಮನೇಲಿ ಹಾಲು ಹಸೀನೇ ಕುಡೀತಾರಾ?" ಎಂದಳು. ಕೇಳಿದ್ದು ಸರಿಯೇ.

ಆದರೂ ಬಿಡಲಿಲ್ಲ. ಏಳುವಾಗ, ಜಡೆ ಹಾಕುವಾಗ, ಮಿಷನ್ ತುಳಿಯುವಾಗ, ಒಂದೇ ಮಂತ್ರ: ಮಡಿಕೆಗೆ ಬಿಡಬೇಡ, ಎಷ್ಟು ಹೇಳಿದೆಯೋ ಅಷ್ಟೇ. ಪರೀಕ್ಷೆಯ ಹಿಂದಿನ ದಿನವೂ ಅದನ್ನೇ ಹೇಳಿಸುತ್ತ ಪರದೆ ಕತ್ತರಿಸಿದೆ, ಹೊಲಿದೆ, ಇಸ್ತ್ರಿ ಮಾಡಿದೆ.

ಒಂದು ವಾರಕ್ಕೆ ಫಲಿತಾಂಶ ಬಂತು. ಮೂವತ್ತೊಂಬತ್ತು. ಹಾಲಿನದೊಂದು ಹೋಗಿತ್ತು.

ನಾನು ಪರದೆ ಹಿಡಿದು ಮೆರವಣಿಗೆ ಹೊರಟವಳಂತೆ ಹೋದೆ. ಕುರ್ಚಿ ಹತ್ತಿ ನಾನೇ ಕಂಬಿಗೆ ಏರಿಸಿದೆ. ಇಳಿದು ನೋಡಿದರೆ ಪರದೆಯ ಕೆಳಗೆ ಒಂದು ಗೇಣು ಕಿಟಕಿ ಖಾಲಿ. ಆ ಖಾಲಿಯಲ್ಲಿ ಮೂರನೇ ತರಗತಿಯ ಕಣ್ಣುಗಳೆಲ್ಲ ಸಾಲಾಗಿ ಕೂತಿದ್ದವು. ನಡುವೆ ಗುಂಡಿಯವೂ ಇದ್ದವು.

"ಅಜ್ಜಿ, ಮಡಿಕೆಗೆ ಬಿಡ್ಲಿಲ್ವಾ?"

ನೂರೈವತ್ತು ಅಳೆದಿದ್ದೆ, ನೂರೈವತ್ತೇ ಕತ್ತರಿಸಿದ್ದೆ. ಮೇಲೆ ಕಂಬಿಗೆ ಮಡಚಿದ್ದು, ಕೆಳಗೆ ಅಂಚಿಗೆ ಮಡಚಿದ್ದು, ಎಲ್ಲ ಅದರಲ್ಲೇ ಹೋಗಿತ್ತು. ಮೂವತ್ತೆರಡು ವರ್ಷದಲ್ಲಿ ಮೊದಲ ಸಲ.

"ಯಂತ್ರ ಆಗಿದ್ರೆ ನಿಮಗೆ ಪೂರ್ತಿ ಅಂಕ ಕೊಡ್ತಿತ್ತು ಅಮ್ಮ," ಎಂದರು ದೊಡ್ಡ ಟೀಚರ್. ಸೆರಗು ಬಾಯಿಗೆ ಒತ್ತಿಕೊಂಡಿದ್ದರು.

ಪರದೆ ಇಳಿಸಿಕೊಂಡು ಮನೆಗೆ ಬಂದೆ. ಕೆಳಗೆ ಪಟ್ಟಿ ಕೊಡಲೇಬೇಕು. ಆ ನೀಲಿಗೆ ಹೊಂದುವ ಬಟ್ಟೆ ಮನೆಯಲ್ಲಿ ಒಂದೇ ಇತ್ತು, ಮೇಜಿನ ಮೂಲೆಯದು. ಸೆರಗಿಗೆ ಕೈ ಒರೆಸಿಕೊಂಡೆ. ಆಮೇಲೆ ಬಿಚ್ಚಿದೆ.

ಸೀಮೆಸುಣ್ಣದ ಗೆರೆ ಮಾಸಿರಲಿಲ್ಲ. ಗೆರೆಯ ಆಚೆ ಸುತ್ತಲೂ ಒಂದು ಗೇಣು ಬಿಟ್ಟಿದ್ದರು. ಅಂಗಿಗೆ ಯಾರಾದರೂ ಒಂದು ಗೇಣು ಬಿಡುತ್ತಾರೆಯೇ? ಹೊಟ್ಟೆ ಇನ್ನೂ ಹತ್ತು ವರ್ಷ ಬೆಳೆಯುತ್ತದೆಂದು ಲೆಕ್ಕ ಹಾಕಿದ್ದ ಮನುಷ್ಯ.

ಗೆರೆಯ ಒಳಗಿನದನ್ನು ಹಾಗೇ ಮಡಚಿ ಇಟ್ಟೆ. ಆಚೆಯದು ಪಟ್ಟಿಗೆ ಸಾಕಿತ್ತು.

ಕತ್ತರಿ ತೆಗೆದುಕೊಂಡಾಗ ಗುಂಡಿ ನನ್ನ ಕೈ ಹಿಡಿದಳು.

"ತಾಳಜ್ಜಿ. ಇದು ಒಗೆಯೋ ಬಟ್ಟೆನಾ, ಒಗೆಯದ ಬಟ್ಟೆನಾ?"

"ಒಗೆಯೋದು ಕಣೇ."

"ಹಾಗಾದ್ರೆ ನಾನು ಅಳೀತೀನಿ," ಎಂದಳು.

ಟೇಪು ಕೊಟ್ಟೆ.