ಹಾರುಗಟ್ಟಿಯ ಐರಾವತಕ್ಕೆ ಸರ್ಕಾರ ಬೆನ್ನು ಕೊಟ್ಟದ್ದು

ಯಾವ ಯುಗದಲ್ಲಿ ಮನುಷ್ಯನು ನೆಲದ ಗುಂಡಿಗಳನ್ನು ಮುಚ್ಚಲಾರದೆ ಮೇಘಮಂಡಲವನ್ನೇ ಹೆದ್ದಾರಿಯಾಗಿಸಿಕೊಂಡನೋ, ಯಾವ ಯುಗದಲ್ಲಿ ಆಶ್ವಾಸನೆಗಳು ಹದ್ದುಗಳಿಗಿಂತ ಎತ್ತರದಲ್ಲಿ ಸುತ್ತುತ್ತಿದ್ದವೋ, ಆ ಯುಗದಲ್ಲಿ, ಹಾರುಗಟ್ಟಿಯೆಂಬ ಕೆಂಪುಧೂಳಿನ ಪಟ್ಟಣದಲ್ಲಿ, ಗ್ರೀಸುಲೇಪಿತಬಾಹುವೂ ರಿವೆಟ್‌ರವಬಧಿರಕರ್ಣನೂ ಕಾರ್ಮಿಕಸಂಘಸಿಂಹಾಸನಾರೂಢನೂ ಆದ ಸಿದ್ರಾಮಪ್ಪ ಗೋಕಾವಿ ಎಂಬ ವೀರನಿದ್ದನು. ಎಲೈ ವಾಗ್ದೇವಿಯೇ, ಅವನ ಕಥೆ ಹೇಳಹೊರಟ ಈ ನಾಲಗೆಗೆ ಸಾಕಷ್ಟು ಇಂಧನವನ್ನು ಕರುಣಿಸು. ದಾರಿ ದೂರವಿದೆ, ನಡುವೆ ಸರ್ಕಾರವೂ ಬರುತ್ತದೆ.

ಆ ಪಟ್ಟಣದ ಕಾರ್ಖಾನೆಯಲ್ಲಿ ಸೇನೆಗಾಗಿ ಐರಾವತವೆಂಬ ಸರಕು ವಿಮಾನಗಳು ಹುಟ್ಟುತ್ತಿದ್ದವು. ಹಿಟ್ಟಿನ ಮೂಟೆ, ಲಾರಿ, ಫಿರಂಗಿ, ಬೂಟು ತೊಟ್ಟ ಜವಾನರು ಎಲ್ಲರನ್ನೂ ಒಂದೇ ಹೊಟ್ಟೆಯಲ್ಲಿ ಹೊತ್ತು ಹಿಮಶಿಖರಗಳಿಗೆ ಏರಬಲ್ಲ ಆ ಮಹೋದರ ವಿಮಾನಕ್ಕೆ ರೆಕ್ಕೆ ಜೋಡಿಸುವ ಕರ್ಮಶಾಲೆಯ ಮೇಸ್ತ್ರಿಯೇ ನಮ್ಮ ಸಿದ್ರಾಮಪ್ಪ. ಹೀಗಿರಲು ಒಂದು ದಿನ ರಾಜಧಾನಿಯಿಂದ ಸಿಡಿಲಿನಂಥ ಆಜ್ಞೆಯೊಂದು ಎರಗಿತು: ಇರುವ ವಿಮಾನಗಳೇ ಸಾಕು, ಕರ್ಮಶಾಲೆಯಲ್ಲಿರುವುದನ್ನು ಮುಗಿಸಿ ಬಾಗಿಲು ಹಾಕತಕ್ಕದ್ದು, ಕಟ್ಟಡವನ್ನು ಗೋದಿಯ ಗೋದಾಮಿಗೆ ಬಾಡಿಗೆ ಕೊಡತಕ್ಕದ್ದು.

ಅಂದು ಮಧ್ಯಾಹ್ನ ಕ್ಯಾಂಟೀನಿನ ಮೇಜನ್ನೇರಿ ಸಿದ್ರಾಮಪ್ಪನು ಗರ್ಜಿಸಿದನು.

"ಕೇಳ್ರಿ ಎಲ್ಲಾರೂ. ಈ ಕೈಲೆ ಜೋಡಿಸಿದ ರೆಕ್ಕಿ ಒಂದರೆ ಕಳಚಿ ಬಿದ್ದದ್ದು ಯಾರರ ಕೇಳೀರೇನು? ನಾ ಜೀವಂತ ಇರೂತನಕ ಈ ಶೆಡ್ಡಿನಾಗ ಗೋದಿ ಚೀಲ ಇಡಾಕ ಬಿಡಂಗಿಲ್ಲ. ಆ ಸರ್ಕಾರನ್ನ ಇಲ್ಲಿಗೇ ಎಳಕೊಂಡ್ ಬರ್ತೀನಿ."

ಸಭೆಯು ತಟ್ಟೆಗಳನ್ನು ಬಡಿದು ದುಂದುಭಿನಾದಗೈಯಿತು. ವಿಮಾನದ ಉದರದೊಳಗೆ ವಿದ್ಯುತ್ ತಂತಿಗಳನ್ನು ಹೆಣೆಯುವ ತಂತುಜಾಲವಿಶಾರದೆ ಮಮ್ತಾಜ್ ನದಾಫ ಮಾತ್ರ ಊಟದ ಡಬ್ಬಿ ಮುಚ್ಚುತ್ತ ಕೇಳಿದಳು:

"ಎಳಕೊಂಡ್ ಬರೂದು ಹೆಂಗ, ಅದನ್ನ ಮೊದ್ಲ ಹೇಳ್ರಿ ಮೇಸ್ತ್ರಿ."

ಉತ್ತರವು ತಾನಾಗಿ ಬಂದಿತು. ರಕ್ಷಣಾ ಖಾತೆಯ ಉಪಮಂತ್ರಿ, ಪಕ್ಕದ ಕ್ಷೇತ್ರದ ಅಧಿಪತಿ, ಪುಷ್ಪಹಾರಭಾರನತಗ್ರೀವ ವಿಶ್ವಾಸರಾವ್ ದೇಸಗತಿಯವರು ಪ್ರವಾಸಿ ಮಂದಿರದಲ್ಲಿ ಬೀಡುಬಿಟ್ಟಿದ್ದರು. ಸಮಸ್ತ ಕಾರ್ಮಿಕಸೈನ್ಯವೂ ನೀಲಿ ಅಂಗಿಯಲ್ಲಿ ಹೋಗಿ ಆ ದುರ್ಗಕ್ಕೆ ಮುತ್ತಿಗೆ ಹಾಕಿತು. ಘೋಷಣೆಗಳು ಬಾಣಗಳಂತೆ ಕಿಟಕಿಗಳನ್ನು ಹೊಕ್ಕವು. ಮಂತ್ರಿಗಳು ಚಹಾದ ಕಪ್ಪು ಹಿಡಿದೇ ಹೊರಬಂದರು.

"ನನಗೂ ನಿಮ್ಮಷ್ಟೇ ಸಂಕಟ ಆಗೈತಿ," ಎಂದರು. "ಆದ್ರ ನಾ ಆ ವಿಮಾನ ಇನ್ನೂ ಕಣ್ಣಿಲೆ ಕಂಡಿಲ್ಲ. ನಾಳೆ ತೋರಸ್ರಿ."

ಮರುದಿನ ಐರಾವತವು ತನ್ನ ಹಿಂಬಾಗಿಲನ್ನು ಮೆಲ್ಲಗೆ ನೆಲಕ್ಕಿಳಿಸಿತು. ಸೇನೆಯ ಲಾರಿಯೊಂದು ಘೀಳಿಡುತ್ತ ಅದರೊಳಗೆ ಹೊಕ್ಕು ಕಾಣದಾಯಿತು. ಮಂತ್ರಿಗಳು ಮಗುವಿನಂತೆ ಬೆರಗಾದರು. ಚಾಲಕನ ಪೀಠದಲ್ಲಿ ಕುಳಿತರು, ಫೋಟೊ ತೆಗೆಸಿಕೊಂಡರು, ಮತ್ತೊಮ್ಮೆ ಕುಳಿತರು. ಕೆಳಗಿಳಿದಾಗ ಅವರ ಕಣ್ಣಲ್ಲಿ ನಿಜಕ್ಕೂ ನೀರಿತ್ತು.

"ಇಂಥಾದ್ದು ನಿಲ್ಲಬಾರದು," ಎಂದು ಮೈಕಿನಲ್ಲಿ ಸಾರಿದರು. "ಸರ್ಕಾರ ನಿಮ್ಮ ಬೆನ್ನಿಗೈತಿ."

ಕಾರ್ಮಿಕರು ಸಿದ್ರಾಮಪ್ಪನನ್ನು ಹೆಗಲ ಮೇಲೆ ಹೊತ್ತು ಮೆರೆಸಿದರು. ಹಾರುಗಟ್ಟಿಯ ಮಿಠಾಯಿ ಅಂಗಡಿಗಳಲ್ಲಿ ಸಂಜೆಯೊಳಗೆ ಪೇಢೆ ತೀರಿಹೋಯಿತು. ಸರಕು ವಿಮಾನದ ಉತ್ಪಾದನೆ ಮುಂದುವರಿಸಲು ಸರ್ಕಾರದ ಬೆಂಬಲವೆಂದು ಪತ್ರಿಕೆಗಳು ಬರೆದವು, ಅದು ಸುಳ್ಳೂ ಆಗಿರಲಿಲ್ಲ.

ಕೆಲವು ವಾರಗಳ ಮೇಲೆ ಕಾರ್ಖಾನೆಯ ಮ್ಯಾನೇಜರು ಸಿದ್ರಾಮಪ್ಪನನ್ನು ಕೋಣೆಗೆ ಕರೆದು, ಅವನ ಮುಖ ನೋಡದೆ, ಬೆಂಬಲದ ಸ್ವರೂಪವನ್ನು ತಿಳಿಸಿದರು. ಸರ್ಕಾರವು ಇನ್ನೂ ಒಂದು ಐರಾವತವನ್ನು ಕೊಳ್ಳುತ್ತದೆ. ಅದನ್ನು ಮಂತ್ರಿಗಳ ಕ್ಷೇತ್ರದ ಬಸ್‌ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ಕಟ್ಟೆಯ ಮೇಲೆ ನಿಲ್ಲಿಸಲಾಗುತ್ತದೆ. ಎಂಜಿನ್ ಬೇಕಾಗಿಲ್ಲ.

ಕರ್ಮಶಾಲೆಗೆ ಮರಳಿದ ವೀರನು ಸುತ್ತಿಗೆಯನ್ನು ಕೆಳಗೆಸೆದು ಕುಳಿತುಬಿಟ್ಟನು.

"ಹಾರದ ವಿಮಾನಕ್ಕ ನಾ ರೆಕ್ಕಿ ಜೋಡಸಂಗಿಲ್ಲ. ಬೇಕಾದ್ರ ಗೋದಿ ಚೀಲನ ಹೊರ್ತೀನಿ."

ಮಮ್ತಾಜ್ ಅವನ ಪಕ್ಕದಲ್ಲಿ ಬಂದು ಕುಳಿತಳು.

"ನೀವು ಹೊರ್ತೀರಿ, ನಿಮ್ಮ ಬೆನ್ನು ಗಟ್ಟಿ ಐತಿ," ಎಂದಳು. "ಉಳಿದಾವ್ರು ಎಲ್ಲಿಗೆ ಹೋಗ್ಬೇಕು? ಒಮ್ಮೆ ಚದುರಿ ಹೋದ್ವಿ ಅಂದ್ರ, ನಾಳೆ ಖರೇ ವಿಮಾನ ಬೇಕಾದಾಗ ಕಟ್ಟಾವ್ರು ಯಾರು? ಇದನ್ನೂ ಹಾರಾಕ ಬರೂಹಂಗ ಕಟ್ಟೂಣು. ಎಂಜಿನ್ ಇಲ್ಲದ್ದು ಅವರ ತಪ್ಪು, ನಮ್ಮದಲ್ಲ."

ಹಾಗೆಯೇ ಕಟ್ಟಿದರು. ಒಂದು ರಿವೆಟ್ಟನ್ನೂ ಸಡಿಲ ಬಿಡಲಿಲ್ಲ. ಇಲ್ಲದ ಎಂಜಿನ್ನಿನವರೆಗೂ ಮಮ್ತಾಜ್ ತಂತಿಗಳನ್ನು ಎಳೆದು, ತುದಿಗಳಿಗೆ ಟೇಪು ಸುತ್ತಿಟ್ಟಳು. ಅಷ್ಟರಲ್ಲಿ ಸುದ್ದಿ ಹಬ್ಬಿ, ನೆರೆಯ ಕ್ಷೇತ್ರಗಳ ಪ್ರಭುಗಳು ತಮ್ಮ ಸರ್ಕಲ್ಲುಗಳಿಗೂ ಒಂದೊಂದು ಐರಾವತ ಬೇಕೆಂದು ಪಟ್ಟುಹಿಡಿದರು. ಗೋದಾಮಿನ ಮಾತು ಅಲ್ಲಿಗೆ ನಿಂತಿತು, ಉತ್ಪಾದನೆ ಮುಂದುವರಿಯಿತು. ಶತ್ರುಸೈನ್ಯಭಯಂಕರ ವಿಮಾನಗಳಿಗೆ ಆ ಪ್ರಾಂತ್ಯದ ವಾಹನ ದಟ್ಟಣೆಯನ್ನು ಎರಡಾಗಿ ಸೀಳುವ ಕೆಲಸ ಸಿಕ್ಕಿತು.

ಮೊದಲ ವಿಮಾನವು ಹೊರಡುವ ದಿನ ಬಂದಿತು. ಹಾರಲಾರದ್ದರಿಂದ ಅದರ ರೆಕ್ಕೆ ಬಾಲಗಳನ್ನು ಬಿಚ್ಚಿ, ಒಡಲನ್ನು ಉದ್ದನೆಯ ಟ್ರೇಲರ್ ಲಾರಿಯ ಮೇಲೆ ಹಗ್ಗ ಬಿಗಿದು ಕಟ್ಟಿದರು. ಲಾರಿಗಳನ್ನು ನುಂಗಬಲ್ಲ ಐರಾವತವನ್ನು ಲಾರಿಯೇ ಹೊತ್ತು ಹೊರಟಿತು. ಅದರ ಬೆನ್ನ ಮೇಲೆ, ಅಂಬಾರಿಯಲ್ಲಿ ಕುಳಿತ ಅರಸನಂತೆ, ಸಿದ್ರಾಮಪ್ಪನು ಬಿದಿರು ಗಳವೊಂದನ್ನು ಹಿಡಿದು ಕುಳಿತಿದ್ದನು. ದಾರಿಯ ಕೇಬಲ್ ವೈರುಗಳನ್ನು ಒಂದೊಂದಾಗಿ ಎತ್ತಿ ಹಿಂದಕ್ಕೆ ದಾಟಿಸುವುದು ಅವನ ಪಾಲಿನ ಕಾಳಗ.

ಮಂತ್ರಿಗಳ ಊರಿನ ಇಕ್ಕಟ್ಟಾದ ಪೇಟೆಬೀದಿಯಲ್ಲಿ ಲಾರಿ ನಿಂತಿತು. ಎರಡು ಮಹಡಿಗಳ ನಡುವೆ ಬಟ್ಟೆ ಒಣಹಾಕುವ ಹಗ್ಗವೊಂದು ಅಡ್ಡ ಬಂದಿತ್ತು. ಬಿದಿರಿನಿಂದ ಎತ್ತಿದರೆ ಬಟ್ಟೆಯೆಲ್ಲ ಒಂದೆಡೆ ಜಾರುತ್ತಿತ್ತು. ಮುದುಕಿಯೊಬ್ಬಳು ಮಹಡಿಗೆ ಬಂದು ಬಗ್ಗಿ ನೋಡಿದಳು.

"ಏನೋ ಅದು, ನೀರಿನ ಟಾಕಿ?"

"ವಿಮಾನ್ರಿ ಯವ್ವಾ."

"ಹಾರ್ತೈತೇನು?"

ಸಿದ್ರಾಮಪ್ಪನು ಬಾಯಿ ತೆರೆದನು. ರೆಕ್ಕೆ, ರಿವೆಟ್ಟು, ಹಿಮಶಿಖರ ಎಲ್ಲವೂ ಗಂಟಲಿಗೆ ಬಂದವು. ಹಿಂದೆ ಬಸ್ಸೊಂದು ಹಾರ್ನ್ ಹಾಕುತ್ತಿತ್ತು.

"ಸ್ವಲ್ಪ ಆ ಚಡ್ಡಿ ತಗೀರಿ, ಹಗ್ಗ ಬಿಚ್ಚಿ ಮತ್ತ ಕಟ್ಟಿ ಕೊಡ್ತೀನಿ," ಎಂದನು.