ಸಾರು ಬಡಿಸುತ್ತಾ ಕಲಿತ ಅಡ್ಜೆಕ್ಟಿವ್

ನಿಮಗೆ ಒಂದು ವಿದ್ಯೆ ಬರುತ್ತದೆ ಎಂದು ಬೀದಿಯವರು ತೀರ್ಮಾನಿಸಿಬಿಟ್ಟರೆ ಮುಗಿಯಿತು, ಬರುವುದಿಲ್ಲ ಎಂದು ಅವರನ್ನು ಒಪ್ಪಿಸಲು ಬ್ರಹ್ಮನಿಂದಲೂ ಆಗದು. ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಇಂಗ್ಲಿಷ್ ನನ್ನ ಪಾಲಿಗೆ ಬಂದಿದೆ. ನಿವೃತ್ತಳಾಗುವವರೆಗೂ ಆಫೀಸಿನಲ್ಲಿ ಇಂಗ್ಲಿಷ್ ಟೈಪಿಸ್ಟ್ ಆಗಿದ್ದೆ, ಅಷ್ಟೇ ಕಾರಣ. ಸಾಹೇಬರು ಬರೆದುಕೊಟ್ಟಿದ್ದನ್ನು ಕುಟ್ಟುವುದು ನನ್ನ ಕೆಲಸವಾಗಿತ್ತು. ಹಾಗಾಗಿ ಇಂಗ್ಲಿಷ್ ಗೊತ್ತಿರುವುದು ನನ್ನ ಬೆರಳುಗಳಿಗೆ. ಅವು ಇವತ್ತಿನವರೆಗೂ ನನಗೆ ಏನನ್ನೂ ಹೇಳಿಕೊಟ್ಟಿಲ್ಲ. ಆದರೂ ನಲ್ಲಿಯಲ್ಲಿ ನೀರು ನಿಂತರೆ ಅರ್ಜಿ ಬರೆಯಲು, ಮಗುವಿಗೆ ಜ್ವರ ಬಂದರೆ ರಜಾಚೀಟಿ ಬರೆಯಲು ಎಲ್ಲರೂ ನಮ್ಮ ಮನೆಗೇ ಬರುತ್ತಾರೆ. ‘ಮೇಡಂ’ ಎಂದು ಕರೆಯುತ್ತಾರೆ. ಕೇಳಲು ಹಿತವಾಗಿರುತ್ತದೆ, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಮಹಡಿ ಮನೆಯ ಗಿರಿಜಾ ಬಂದಳು. ಗದಗಿನ ಹುಡುಗಿ, ಬಿ.ಎಡ್. ಮಾಡಿದ್ದಾಳೆ, ಗಂಡನಿಗೆ ಇಲ್ಲಿ ಕೆಲಸ. ಕಾಮಾಕ್ಷಿಪಾಳ್ಯದ ಒಂದು ಶಾಲೆಯಲ್ಲಿ ಸೋಮವಾರ ಡೆಮೊ ಕ್ಲಾಸು. ಅಡ್ಜೆಕ್ಟಿವ್, ಆಡ್‌ವರ್ಬ್, ಪ್ರಿಪೊಸಿಷನ್ ಬೇರೆ ಬೇರೆ ಮಾಡಿ ತೋರಿಸಬೇಕಂತೆ. ಈ ಸಲವೂ ಕೆಲಸ ಸಿಗದಿದ್ದರೆ ಊರಿಗೆ ಬಂದುಬಿಡು ಎಂದು ಅತ್ತೆ ಕಡ್ಡಿ ಮುರಿದ ಹಾಗೆ ಹೇಳಿದ್ದರಂತೆ. “ನೀವೊಬ್ರ ಹೇಳಿಕೊಡಬೇಕ್ರಿ ಆಂಟಿ,” ಎಂದಳು. ಈ ಮೂರನ್ನೂ ನಾನು ದಿನವೂ ಟೈಪ್ ಮಾಡಿದ್ದೇನೆ, ಆದರೆ ಯಾವುದರ ಮುಖಪರಿಚಯವೂ ಇಲ್ಲ. ಕೊನೆಯಲ್ಲಿ ‘ಲಿ’ ಬಂದರೆ ಆಡ್‌ವರ್ಬ್ ಎಂದು ಧೈರ್ಯವಾಗಿ ಹೇಳಿದೆ. ಹಾಗಾದರೆ ‘ಫ್ಯಾಮಿಲಿ’ಯೂ ಆಡ್‌ವರ್ಬೇ ಎಂದು ಕೇಳಿದಳು. ನಾನು ಕಾಫಿ ಮಾಡಲು ಎದ್ದೆ. ಶನಿವಾರದವರೆಗೂ ಅವಳು ಬಂದಾಗಲೆಲ್ಲ ಕಾಫಿಯೇ ಆಯಿತು, ಪಾಠ ಆಗಲಿಲ್ಲ. ಈ ಮಗು ನನ್ನನ್ನು ನಂಬಿ ಕೆಟ್ಟಿತಲ್ಲ ಎಂದು ಅವಳ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿದೆ.

ಭಾನುವಾರ ನಮ್ಮಲ್ಲಿ ಸತ್ಯನಾರಾಯಣ ಪೂಜೆ. ಬಡಿಸಲು ಗಿರಿಜಾ ಬಂದಳು. ಅವರ ಕಡೆಯ ಕ್ರಮ ಬೇರೆ, ಎಲೆಯ ಎಡತುದಿಯಲ್ಲಿ ಉಪ್ಪು ಇರಬೇಕಾದ ಜಾಗಕ್ಕೆ ಪಲ್ಯ ಹಾಕಿಕೊಂಡು ಹೋಗಿದ್ದಳು. ಸರಿಮಾಡುತ್ತಾ ಅವಳ ಹಿಂದೆಯೇ ನಡೆದೆ. ಸಾರಿನ ಪಾತ್ರೆ ಹಿಡಿದು ನಮ್ಮ ಭಾವನವರ ಮುಂದೆ ಬಗ್ಗಿದಾಗ ನನ್ನ ಜೀವ ಬಾಯಿಗೆ ಬಂತು.

“ಬಿಸಿ ಸಾರು ಕಣೇ, ನಿಧಾನವಾಗಿ ಬಡಿಸು. ಅನ್ನದ ಮೇಲೆ ಹಾಕು, ಪಂಚೆ ಮೇಲಲ್ಲ.”

ಅವಳು ಸೌಟು ಹಿಡಿದು ಹಾಗೇ ನಿಂತಳು. “ಆಂಟಿ, ಎಂಥಾ ಸಾರು, ಹೆಂಗ ಬಡಸೋದು, ಎಲ್ಲಿ ಹಾಕೋದು. ಅಡ್ಜೆಕ್ಟಿವ್, ಆಡ್‌ವರ್ಬ್, ಪ್ರಿಪೊಸಿಷನ್ ಮೂರೂ ಇದರಾಗ ಬಂದ್ವಲ್ರಿ.”

ಭಾವನವರು ಅನ್ನದಲ್ಲಿ ಗುಳಿ ಮಾಡಿಕೊಂಡು ಕಾಯುತ್ತಲೇ ಇದ್ದರು. ನಾನು ಗಂಭೀರವಾಗಿ, ಅದಕ್ಕೇ ನಿನ್ನನ್ನು ಬಡಿಸೋಕೆ ಕರೆದಿದ್ದು ಎಂದುಬಿಟ್ಟೆ. ಬಾಯಿಗೆ ಬಂದ ಧೈರ್ಯ ಅಲ್ಲಿಗೇ ನಿಲ್ಲಲಿಲ್ಲ. ನಮ್ಮಲ್ಲಿ ‘ಮೇಲೆ’ ಎಂಬುದು ಅನ್ನದ ಹಿಂದೆ ಬರುತ್ತದೆ, ಇಂಗ್ಲಿಷಿನಲ್ಲಿ ಅದು ಎಲೆ ಹಾಕುವ ಮೊದಲೇ ಪಂಕ್ತಿಯಲ್ಲಿ ಕೂರುವ ನೆಂಟರ ಹಾಗೆ ಮುಂದೆ ಬಂದು ಕೂತಿರುತ್ತದೆ ಎಂದೂ ಹೇಳಿದೆ. ಯಾರು ಹೇಳಿಸಿದರೋ ಗೊತ್ತಿಲ್ಲ.

ಸೋಮವಾರ ಸಂಜೆ ಪೇಡದ ಡಬ್ಬಿ ಹಿಡಿದು ಬಂದಳು. ಹಸಿರು ಕಾಗದದ ಎಲೆ ಕತ್ತರಿಸಿಕೊಂಡು ಹೋಗಿ, ಮಕ್ಕಳ ಕೈಯಲ್ಲೇ ಬಡಿಸುವ ಆಟ ಆಡಿಸಿ ಪಾಠ ಮಾಡಿದಳಂತೆ. ಕೆಲಸ ಸಿಕ್ಕಿತು. ಅತ್ತೆಯವರೂ ಫೋನಿನಲ್ಲಿ ಮೆಚ್ಚಿಕೊಂಡರಂತೆ. ನನಗಂತೂ ಎದೆಯ ಮೇಲಿನ ಒರಳುಕಲ್ಲು ಇಳಿದ ಹಾಗಾಯಿತು, ಎರಡು ಪೇಡ ಒಟ್ಟಿಗೇ ತಿಂದೆ. ಹೊರಡುವಾಗ ಬಾಗಿಲಲ್ಲಿ ನಿಂತು, ಮುಂದಿನ ತಿಂಗಳು ಟೆನ್ಸ್ ಪಾಠ ಅದಾವ್ರಿ ಆಂಟಿ, ನೀವಿದ್ದೀರಲ್ಲ ಅಂತ ನನಗ ಧೈರ್ಯ ಎಂದಳು.

ಅವಳು ಮೆಟ್ಟಿಲು ಹತ್ತಿದ ಮೇಲೆ ಯಜಮಾನರಿಗೆ, ಬರುವ ಹುಣ್ಣಿಮೆಗೂ ಒಂದು ಸತ್ಯನಾರಾಯಣ ಪೂಜೆ ಇಟ್ಟುಕೊಳ್ಳೋಣ ಎಂದೆ. ಈಚೆಗೆ ನಿನಗೆ ಭಕ್ತಿ ಜಾಸ್ತಿಯಾಗಿದೆ ಎಂದು ಅವರು ಸಂತೋಷಪಟ್ಟರು. ಇಂಗ್ಲಿಷ್ ವ್ಯಾಕರಣ ಬಲ್ಲ ಬೇರೆ ದೇವರು ನನಗಾದರೂ ಎಲ್ಲಿ ಗೊತ್ತು?